ನಾಲ್ಕೂಕಾಲಿನ ತನಕದ ಚಾರ್ಜು

ಸಂಪಾಜೆ
೧೭ ಫೆಬ್ರವರಿ ೨೦೨೫, ಸೋಮವಾರ ಸಂಜೆ

ಪ್ರೀತಿಯ ಮಗಳು ಪ್ರಣೀತಾಳಿಗೆ,

ಅಲ್ಲ, ನಾನು ಹೇಳಲು ಹೊರಟದ್ದು ಅದಾಗಿರಲಿಲ್ಲ. ನಿನ್ನೆ ಫೋನಿನಲ್ಲಿ ನೀನು, “ಮಾವ, ಬರುವ ಆದಿತ್ಯವಾರ ಬ್ಯಾಗು ಹಿಡ್ಕೊಂಡು ಬಂದೇ ಬಿಡ್ತೇನೆ, ಈ ಫಾರೆಸ್ಟ್ ಗಾರ್ಡ್ ಕೆಲಸ ನನ್ನಿಂದ ಆಗುದಲ್ಲ” ಅಂದಾಗ ನಾನು ಬಾಯಿಗೆ ಬಂದಂತೆ “ಹೂಂ, ನೋಡುವ” ಎಂದುಬಿಟ್ಟೆ. ಅಷ್ಟರಲ್ಲಿ ನಿಮ್ಮ ತರಬೇತಿ ಶಾಲೆಯವರು ಕೊಡುವ ಹತ್ತು ನಿಮಿಷ ಮುಗಿದು ಫೋನು ಮುಂದಿನವಳ ಕೈಗೆ ಹೋಯಿತು. ನಿನ್ನೆಯಿಂದ ಆ ‘ನೋಡುವ’ ನನ್ನ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಕೂತಿದೆ. ಮಾತಿನಲ್ಲಿ ನಾನು ಯಾವಾಗಲೂ ಸ್ಲೋ, ನಿನಗೆ ಗೊತ್ತು. ಬರೆಯಲು ಕೂತರೆ ಸ್ವಲ್ಪ ಬರುತ್ತದೆ. ಆದ್ದರಿಂದ ಬರುವುದೋ ಬಿಡುವುದೋ ಎಂದು ನಿಶ್ಚಯ ಮಾಡುವ ಮೊದಲು ಈ ಕಾಗದವನ್ನು ಪೂರ್ತಿ ಓದು. ನಾಳೆ ಲತೀಶನ ಕೈಯಲ್ಲಿ ಸ್ಪೀಡ್ ಪೋಸ್ಟಿಗೆ ಕೊಡುತ್ತೇನೆ. ಶನಿವಾರದೊಳಗೆ ನಿನ್ನ ಕೈಗೆ ಸಿಕ್ಕೀತು.

ನಿನ್ನ ಆರೋಗ್ಯ ಹೇಗಿದೆ? ಹಿಮ್ಮಡಿಯ ಗುಳ್ಳೆ ಒಣಗಿತಾ? ಆ ಬೂಟಿನೊಳಗೆ ಎರಡು ಜೊತೆ ಕಾಲುಚೀಲ ಹಾಕಿಕೋ, ಮಲಗುವಾಗ ತೆಂಗಿನೆಣ್ಣೆ ಹಚ್ಚು. ಅಲ್ಲಿ ಕುಚ್ಚಲಕ್ಕಿಯ ಅನ್ನ ಸಿಗುವುದಿಲ್ಲವೆಂದು ಅರ್ಧ ಹೊಟ್ಟೆಯಲ್ಲಿ ಏಳಬೇಡ. ಇಪ್ಪತ್ತು ಕಿಲೋಮೀಟರ್ ನಡೆಯುವ ದಿನ ಹಿಂದೆ ಬಿದ್ದೆ ಅಂದೆಯಲ್ಲ, ಹಿಂದೆ ಬಿದ್ದವರು ನಾಲ್ಕು ಜನ ಎಂದೂ ನೀನೇ ಹೇಳಿದ್ದು. ಇಲ್ಲಿ ನಾವೆಲ್ಲ ಕ್ಷೇಮ. ನಿನ್ನ ಮಗಳು ಯಶ್ಮಿತಾಳ ಜ್ವರ ಗುರುವಾರವೇ ಬಿಟ್ಟಿತ್ತು. ನಿನ್ನ ಗಂಡ ಲತೀಶನಿಗೆ ಬುದ್ಧಿ ಇಲ್ಲ, ಬಿಟ್ಟ ಜ್ವರವನ್ನು ಹತ್ತು ನಿಮಿಷದ ಫೋನಿನಲ್ಲಿ ಹೇಳುವ ಅಗತ್ಯ ಏನಿತ್ತು? ಮಗು ನಿನ್ನೆ ಎರಡು ದೋಸೆ ತಿಂದು ಮೂರನೆಯದಕ್ಕೆ ಕೈ ಚಾಚಿದ್ದಾಳೆ. ದೋಸೆ ಲತೀಶನದು, ಪಿಕಪ್ ತೆಗೆದುಕೊಂಡು ಮಡಿಕೇರಿಗೆ ಹೊರಡುವ ಮೊದಲು ಹೊಯ್ದಿಟ್ಟು ಹೋಗುತ್ತಾನೆ. ಅವಳ ಜಡೆ ಹಾಕುವುದು ನನ್ನದು. ಮೊದಲ ವಾರ ಅದು ಹಗ್ಗ ಹೊಸೆದ ಹಾಗೆ ಇತ್ತು, ಒಂದನೇ ಕ್ಲಾಸಿನ ಟೀಚರು ಬಿಚ್ಚಿ ಪುನಃ ಹಾಕಿ ಕಳಿಸುತ್ತಿದ್ದರು. ಈಗ ಬಿಚ್ಚುವುದಿಲ್ಲ. ಅದನ್ನು ನಾನು ಅಪ್ರಿಸಿಯೇಶನ್ ಎಂದೇ ತಿಳಿದುಕೊಂಡಿದ್ದೇನೆ. ನನ್ನ ಮೊಣಕಾಲು ಇದ್ದ ಹಾಗೇ ಉಂಟು, ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ.

ಈಗ ನಿನ್ನ ಪ್ಲೇಯರಿನ ಸಮಾಚಾರ. ಅಂಗೈಯಗಲದ ಆ ಕಪ್ಪು ಡಬ್ಬಿ. ಲತೀಶ ತಂದಾಗ ಅದರ ತುಂಬ ಹಾಡುಗಳಿದ್ದವು. ನೀನು ಅವನ್ನೆಲ್ಲ ಅಳಿಸಿ, ಪರೀಕ್ಷೆಯ ಪಾಠಗಳನ್ನು ನಿನ್ನದೇ ಸ್ವರದಲ್ಲಿ ಓದಿ ತುಂಬಿಸಿದ್ದೆ. ಬೆಳಿಗ್ಗೆ ರಬ್ಬರ್ ಮರದ ಹಾಲು ತೆಗೆಯುವ ಟ್ಯಾಪಿಂಗಿಗೆ ಹೊರಟರೆ ತಲೆಗೆ ಲೈಟು, ಕಿವಿಗೆ ಅದರ ವಯರು, ಬಾಯಲ್ಲಿ ಗುಣುಗುಣು. ನೀನು ಹೋದ ನವೆಂಬರಿನಿಂದ ಅದು ಅಡುಗೆಮನೆಯಲ್ಲಿ ಉಪ್ಪಿನ ಭರಣಿಯ ಹಿಂದೆ ಕೂತಿತ್ತು. ಡಿಸೆಂಬರಿನಲ್ಲಿ ಮಂಗಗಳು ಶುರುವಾದವು. ಎಳನೀರ ಬೊಂಡ, ಬಾಳೆಗೊನೆ, ಕೊಕ್ಕೋ ಯಾವುದನ್ನೂ ಬಿಡಲಿಲ್ಲ. ಪಟಾಕಿ ಹೊಡೆದರೆ ತಿರುಗಿ ನೋಡಿ ಪುನಃ ತಿನ್ನುತ್ತಿದ್ದವು. ಆಗ ಆಚೆಮನೆ ಬೆಳ್ಯಪ್ಪ ಬಂದು, “ಕುಕ್ಕಪ್ಪಣ್ಣ, ಅವಕ್ಕೆ ಸದ್ದಿನ ಹೆದರಿಕೆ ಇಲ್ಲ. ಮನುಷ್ಯರು ಮಾತಾಡುದು ಕೇಳ್ಬೇಕು” ಅಂದ. ರೇಡಿಯೋ ಕಟ್ಟುವ ಎಂದರೆ ಈ ಗುಡ್ಡದ ಬುಡದಲ್ಲಿ ಒಂದು ಸ್ಟೇಷನ್ನೂ ನೆಟ್ಟಗೆ ಸಿಗುವುದಿಲ್ಲ. ನಿನ್ನ ಡಬ್ಬಿಯ ನೆನಪಾಯಿತು. ನಡುವಿನ ತೆಂಗಿನ ಮರಕ್ಕೆ ಏಣಿ ಇಟ್ಟು, ಆಳೆತ್ತರದ ಮೇಲೆ ಕಟ್ಟಿ ಒತ್ತಿದೆ. “ಭಾರತದ ಸಂವಿಧಾನ, ಪಾಠ ಒಂದು” ಎಂದು ನೀನು ಶುರು ಮಾಡಿದೆ. ಮಂಗಗಳು ಪೀಠಿಕೆ ಮುಗಿಯುವ ಮೊದಲೇ ಹೊಳೆ ದಾಟಿದವು.

ಊರಿಗೆ ಇದೊಂದು ತಮಾಷೆಯಾಗಿದೆ. ಬೆಳ್ಯಪ್ಪ ದಿನಕ್ಕೊಮ್ಮೆಯಾದರೂ ಬೇಲಿಯ ಹತ್ತಿರ ನಿಂತು, “ಸೊಸೆಯನ್ನು ಟ್ರೈನಿಂಗಿಗೆ ಕಳಿಸಿದ್ದೇನೆ ಅಂತ ಹೇಳಿ ಇಲ್ಲಿ ಮರಕ್ಕೆ ಕಟ್ಟಿ ಹಾಕಿದ್ದೀರಲ್ಲ ಮಾರಾಯ್ರೆ” ಅನ್ನುತ್ತಾನೆ. ಆದರೆ ಅವನೂ ಅವನ ಹೆಂಡತಿಯೂ ಈಗ ಕರ್ನಾಟಕದ ಐದು ರಾಷ್ಟ್ರೀಯ ಉದ್ಯಾನಗಳ ಹೆಸರನ್ನು ಒಂದೇ ಉಸಿರಿನಲ್ಲಿ ಹೇಳುತ್ತಾರೆ, ಕೇಳಿ ನೋಡು. ಒಂದು ಮಂಗ ಮಾತ್ರ ಧೈರ್ಯ ಮಾಡಿ ಡಬ್ಬಿಯನ್ನೇ ಕಚ್ಚಿ ನೋಡಿತು. ಅದರ ಹಲ್ಲಿಗೆ ಸಿಕ್ಕಿ, ಮುಂದಿನ ಪಾಠಕ್ಕೆ ಹೋಗಲು ಒತ್ತುವ ಗುಂಡಿ ಒಳಗೆ ಹೋಗಿಬಿಟ್ಟಿತು. ಹಾಗಾಗಿ ಈಗ ಹಚ್ಚಿದರೆ ದಿನಾ ಪಾಠ ಒಂದರಿಂದಲೇ ಶುರು. ಎಲ್ಲಿಯವರೆಗೆ ಹೋಗುತ್ತದೆ ಎನ್ನುವುದು ಬ್ಯಾಟರಿಯ ಕೈಯಲ್ಲಿ.

ತೊಂದರೆ ಅಲ್ಲೇ ಇದ್ದದ್ದು. ಯಶ್ಮಿತಾಳನ್ನು ಶಾಲೆಗೆ ಕಳಿಸಿ ಎಂಟೂಮುಕ್ಕಾಲಿಗೆ ಹಚ್ಚಿದರೆ, ಹನ್ನೆರಡಕ್ಕೆ ಐದು ನಿಮಿಷ ಇರುವಾಗ ಡಬ್ಬಿ ಒಮ್ಮೆ ಕುಂಯ್ ಎಂದು ನಿಂತುಹೋಗುತ್ತಿತ್ತು. ಅದೂ ಎಲ್ಲಿ? ಮೂಲಭೂತ ಕರ್ತವ್ಯಗಳು ಹನ್ನೊಂದು ಉಂಟಲ್ಲ, ಅದರಲ್ಲಿ ಏಳನೆಯದರ ಹತ್ತಿರ. ‘ಅರಣ್ಯಗಳು, ಸರೋವರಗಳು, ನದಿಗಳು’ ಎನ್ನುತ್ತಾ ನಿನ್ನ ಸ್ವರ ನಿಂತಿತೋ, ಕಾಲು ಗಂಟೆಯೊಳಗೆ ಮಂಗಗಳು ಹಾಜರ್. ಅವು ಗಡಿಯಾರ ಕಟ್ಟಿಕೊಂಡವರ ಹಾಗೆ ಆಚೆ ದಡದಲ್ಲಿ ಏಳನೆಯ ಕರ್ತವ್ಯಕ್ಕೆ ಕಾಯುತ್ತಿದ್ದವು. ನಾನು ಒಂದು ನೋಟ್‌ಬುಕ್ ಇಟ್ಟೆ. ಪುತ್ತೂರಿನ ಕಾಲೇಜಿನಲ್ಲಿ ಒಂದು ವರ್ಷ ಬಿ.ಎಸ್ಸಿ. ಓದಿದವನಲ್ಲವಾ, ಪ್ರಾಕ್ಟಿಕಲ್ಲಿನ ಗೆರೆ ಹಾಕುವುದು ಮರೆತಿಲ್ಲ. ತಾರೀಕು, ಹಚ್ಚಿದ ಹೊತ್ತು, ನಿಂತ ಹೊತ್ತು, ಕಡೆಗೆ ಕೇಳಿದ ವಾಕ್ಯ, ಕೊನೆಯಲ್ಲಿ ಇನ್‌ಫರೆನ್ಸ್. ಸ್ವರವನ್ನು ಇಪ್ಪತ್ತರಿಂದ ಹನ್ನೆರಡಕ್ಕೆ ಇಳಿಸಿದಾಗ ಮುಕ್ಕಾಲು ಗಂಟೆ ಹೆಚ್ಚಿಗೆ ಬಂತು. ಮಂಗಗಳಿಗೆ ಕೂಗುವುದೂ ಒಂದೇ, ಮೆಲ್ಲ ಮಾತಾಡುವುದೂ ಒಂದೇ. ಬ್ಯಾಟರಿಗೆ ಮಾತ್ರ ಒಂದೇ ಅಲ್ಲ. ಇದು ನನ್ನ ಸ್ವಂತ ಡಿಸ್ಕವರಿ. ಆದರೆ ಜನವರಿಗೆ ಆ ಗಳಿಕೆಯೂ ಹೋಯಿತು. ರಾತ್ರಿ ಇಡೀ ಚಾರ್ಜಿಗೆ ಇಟ್ಟರೂ ಹತ್ತೂವರೆಗೇ ನಿಲ್ಲತೊಡಗಿತು. ಮೂಲಭೂತ ಹಕ್ಕುಗಳೂ ಮುಗಿಯುತ್ತಿರಲಿಲ್ಲ.

ಆಮೇಲೆ ಒಂದು ಮೂರ್ಖತನ ಮಾಡಿದೆ, ಲತೀಶ ಫೋನಿನಲ್ಲಿ ಹೇಳಿ ನಗುವ ಮೊದಲು ನಾನೇ ಬರೆಯುತ್ತೇನೆ. ನಿನ್ನ ಅತ್ತೆ ಪ್ರೇಮಾವತಿ ಇರುವಾಗ ಟಾರ್ಚಿನ ಸೆಲ್ಲು ಮಂಕಾದರೆ ಬಿಸಾಡುತ್ತಿರಲಿಲ್ಲ. ಹಪ್ಪಳದ ಚಾಪೆಯ ಮೂಲೆಯಲ್ಲಿ ಸಾಲಾಗಿ ಬಿಸಿಲಿಗೆ ಇಡುತ್ತಿದ್ದಳು. ಎರಡು ಬಿಸಿಲು ಕಂಡ ಸೆಲ್ಲು ಮತ್ತೆ ನಾಲ್ಕು ದಿನ ಉರಿಯುತ್ತಿತ್ತು. ‘ದ ಕೆಪಾಸಿಟಿ ಆಫ್ ಎ ಸೆಲ್ ಡಿಪೆಂಡ್ಸ್ ಅಪಾನ್’ ಎಂದು ಶುರುವಾಗುವ ಒಂದು ವಾಕ್ಯ ಐವತ್ತು ವರ್ಷದಿಂದ ನನ್ನ ತಲೆಯಲ್ಲಿ ಉಂಟು. ಯಾವುದರ ಮೇಲೆ ಡಿಪೆಂಡ್ ಎನ್ನುವುದು ಮಾತ್ರ ಪೂರ್ತಿ ಹೋಗಿದೆ. ಬಿಸಿಲಿನ ಮೇಲೆ ಇರಬೇಕು ಎಂದುಕೊಂಡು, ಡಬ್ಬಿಯಿಂದ ಆ ಚಪ್ಪಟೆ ಬ್ಯಾಟರಿ ತೆಗೆದು, ಕಾಳುಮೆಣಸು ಒಣಗಿಸುವ, ಪ್ಲಾಸ್ಟಿಕ್ ಹೊದಿಸಿದ ಗೂಡಿನಲ್ಲಿ ಮೆಣಸಿನ ನಡುವೆ ಇಟ್ಟೆ. ಒಳಗೆ ಕೈ ಹಾಕಿದರೆ ಸುಡುವಷ್ಟು ಕಾವು. ಸಂಜೆ ನೋಡುವಾಗ ಬ್ಯಾಟರಿ ಹಲಸಿನ ಹಪ್ಪಳ ಕರಿದ ಹಾಗೆ ಉಬ್ಬಿತ್ತು. ಡಬ್ಬಿಯ ಬಾಯಿಗೆ ಹಿಡಿಯಲೇ ಇಲ್ಲ.

ಅದನ್ನು ಮೊರದಲ್ಲಿ ಇಟ್ಟುಕೊಂಡು ನೋಡುತ್ತಾ ನಿಂತಾಗ ನನಗೆ ಹೆದರಿಕೆಯಾದದ್ದು ನಿಜ. ಡಬ್ಬಿಯೊಳಗೆ ನಿನ್ನ ಎರಡು ವರ್ಷದ ಓದು ಇತ್ತಲ್ಲ. ಮರುದಿನವೇ ಬಸ್ಸು ಹತ್ತಿ ಸುಳ್ಯಕ್ಕೆ ಹೋದೆ. ಮೊಬೈಲ್ ರಿಪೇರಿ ಮಾಡುವ ರಿತೇಶ್ ಎಂಬ ಹುಡುಗ, ಕನ್ನಡಕ ಹಣೆಗೆ ಏರಿಸಿ, “ಅಜ್ಜ, ಇದನ್ನು ಎಂತ, ಹಪ್ಪಳದೊಟ್ಟಿಗೆ ಒಣಗಿಸಿದ್ದಾ?” ಎಂದು ಕೇಳಿದ. ಹಪ್ಪಳ ಅಲ್ಲ, ಮೆಣಸು ಅಂದೆ. ಅಂಗಡಿಯಲ್ಲಿದ್ದವರೆಲ್ಲ ನಕ್ಕರು, ಅವನು ನಗಲಿಲ್ಲ. “ಇದು ಹಳೆ ಸೆಲ್ಲಿನ ಹಾಗಲ್ಲ ಅಜ್ಜ, ಲಿಥಿಯಂ. ಬಿಸಿಲು ತಾಗಿದ್ರೆ ಜೀವ ಬರುದಲ್ಲ, ಬೆಂಕಿ ಬರುದು” ಎಂದು ಉಬ್ಬಿದ್ದನ್ನು ಮರಳಿನ ಡಬ್ಬಕ್ಕೆ ಹಾಕಿದ. ನಿನ್ನ ಪಾಠಗಳಿಗೆ ಏನೂ ಆಗಿಲ್ಲವಂತೆ. ಅವು ಬ್ಯಾಟರಿಯಲ್ಲಿ ಇರುವುದಲ್ಲವಂತೆ, ಅದು ಬರೇ ಅನ್ನ ಹಾಕುವುದಂತೆ. ಗಾಜಿನ ಕಪಾಟಿನಲ್ಲಿ ಶಕ್ತಿ ಒಂಬತ್ತು ಸಾವಿರದ ಒಂಬೈನೂರು ಎಂದು ಬರೆದ ಚಿನ್ನದ ಬಣ್ಣದ ಬ್ಯಾಟರಿಯೊಂದಿತ್ತು. ಅದನ್ನೇ ಹಾಕು ಎಂದೆ. “ಬರೆಯುದಕ್ಕೆ ಎಂತ ಅಜ್ಜ, ಶಾಯಿ ಇದ್ರೆ ಸಾಕು. ಒಳಗೆ ಸಾವಿರವೂ ಇಲ್ಲ” ಅಂದ. ಮಾರುವವನೇ ಹೀಗೆ ಹೇಳುವುದನ್ನು ನಾನು ಎಲ್ಲಿಯೂ ಕಂಡಿಲ್ಲ. ಕೊನೆಗೆ ಹಳೇ ಲ್ಯಾಪ್‌ಟಾಪಿನೊಳಗಿಂದ ಹೆಬ್ಬೆರಳು ಗಾತ್ರದ ಒಂದು ಸೆಲ್ಲು ತೆಗೆದ. ಅದರ ಮೇಲೆ ಬರೆದದ್ದು ಎರಡು ಸಾವಿರದ ಆರುನೂರು ಮಿಲಿ ಆಂಪಿಯರ್ ಅವರ್, ಅವನು ಯಂತ್ರಕ್ಕೆ ಹಾಕಿ ಅಳೆದಾಗ ಬಂದದ್ದು ಎರಡು ಸಾವಿರದ ಮುನ್ನೂರು. ಹಳತಾಗಿ ಅಷ್ಟು ಸವೆದಿದೆ, ಉಳಿದದ್ದು ಗಟ್ಟಿ ಅಂದ. ಡಬ್ಬಿಯ ಹೊಟ್ಟೆಗೆ ಹಿಡಿಯದ್ದರಿಂದ ಅದನ್ನು ಹೊರಗೆ ಬೆನ್ನಿಗೆ ಬೆಸುಗೆ ಹಾಕಿ, ಸೈಕಲ್ ಟ್ಯೂಬಿನ ತುಂಡು ಸುತ್ತಿ ಕೊಟ್ಟಿದ್ದಾನೆ. ಕೂಸನ್ನು ಬೆನ್ನಿಗೆ ಕಟ್ಟಿಕೊಂಡ ಹೆಂಗಸಿನ ಹಾಗೆ ಕಾಣುತ್ತದೆ. ಆ ಹುಡುಗನಿಗೆ ಒಳ್ಳೆಯದಾಗಲಿ.

ಜನವರಿ ಮೂವತ್ತನೇ ತಾರೀಕು ಗುರುವಾರ, ಹೊಸ ಬ್ಯಾಟರಿಯ ಫಸ್ಟ್ ಟ್ರಯಲ್. ಹತ್ತೂವರೆ ದಾಟಿತು, ಹನ್ನೆರಡು ದಾಟಿತು. ಹನ್ನೊಂದು ಕರ್ತವ್ಯಗಳೂ ಮುಗಿದವು. ಊಟ ಮಾಡಿ ಬರುವಾಗ ನೀನು ಭೂಗೋಳದಲ್ಲಿದ್ದೆ. ಮಂಗಗಳು ಎರಡು ಸಲ ಆಚೆ ದಡಕ್ಕೆ ಬಂದು ಕೂತು, ಬೇಜಾರಾಗಿ ಹೋದವು. ನಾಲ್ಕು ಗಂಟೆಗೆ ನೀನು ಕಾಡಿನ ಕಾನೂನಿಗೆ ಬಂದೆ. ಹೊಸದಾಗಿ ಕೇಳುವ ಪಾಠವಲ್ಲವಾ, ನಾನು ಬಾಳೆಯ ಬುಡ ಬಿಡಿಸುತ್ತಾ ಕೇಳುತ್ತಿದ್ದೆ. ನೀನು ಮೀಸಲು ಅರಣ್ಯದಲ್ಲಿ ಮಾಡಬಾರದ ಕೆಲಸಗಳು ಎಂದು ಓದುತ್ತಿದ್ದೆ. ಬೆಂಕಿ ಹಚ್ಚುವುದು, ಮರ ಕಡಿಯುವುದು ಎಂದವಳು ನಡುವೆ ಓದುವ ಸ್ವರ ಬಿಟ್ಟು, “ಮಾವ, ಚಾ ಕುಡಿದ್ರಾ? ತಣ್ಣಗಾಗ್ತಾ ಉಂಟು” ಅಂದೆ. ನಾನು “ಹೂಂ, ಬಂದೆ” ಎಂದು ಕತ್ತಿ ನೆಲಕ್ಕೆ ಹಾಕಿ ಅಡುಗೆಮನೆಯ ಕಡೆಗೆ ಎರಡು ಹೆಜ್ಜೆ ಇಟ್ಟೆ. ನಿಜವಾಗಿಯೂ ಇಟ್ಟೆ. ಆಗಷ್ಟೇ ಶಾಲೆಯಿಂದ ಬಂದ ಯಶ್ಮಿತಾ ಚೀಲವನ್ನು ಅಂಗಳದಲ್ಲಿಯೇ ಹಾಕಿ ಒಳಗೆ ಓಡಿದಳು. ಒಳಗೆಲ್ಲ ಹುಡುಕಿ ಹೊರಗೆ ಬಂದು ಮರದ ಕಡೆ ನೋಡಿದಳು. ಅಳಲಿಲ್ಲ. “ನಾಳೆಯೂ ಹೇಳ್ತದಾ ಅಜ್ಜ?” ಎಂದು ಕೇಳಿದಳು. ಬ್ಯಾಟರಿ ಇದ್ದರೆ ಹೇಳ್ತದೆ ಅಂದೆ.

ಅಂದಿನಿಂದ ಚಾರ್ಜಿಗೆ ಇಡುವ ಕೆಲಸ ಅವಳದ್ದು. ಕೆಂಪು ಬೆಳಕು ಹಸಿರಾಗುವವರೆಗೆ ಅದರ ಎದುರು ಕೂತೇ ಕಾಪಿ ಬರೆಯುತ್ತಾಳೆ. ಕರೆಂಟು ಇಲ್ಲದಿದ್ದರೆ ಲತೀಶನ ಪಿಕಪ್ಪಿನಲ್ಲಿ ಹಾಕಿಸುತ್ತಾಳೆ, ಅಪ್ಪನನ್ನೂ ಪಕ್ಕದಲ್ಲಿ ಕೂರಿಸುತ್ತಾಳೆ. ನಾನು ನಾಲ್ಕು ಗಂಟೆಗೆ ಚಾ ಮಾಡಿ, ಅವಳಿಗೆ ಹಾಲು, ನನಗೆ ಚಾ, ಎರಡು ಲೋಟವನ್ನೂ ಜಗಲಿಯ ಕಟ್ಟೆಯಲ್ಲಿ ಇಡುತ್ತೇನೆ. ಇಬ್ಬರೂ ಕುಡಿಯದೆ ಕಾಯುತ್ತೇವೆ. ನಾಲ್ಕೂಕಾಲಿಗೆ ನೀನು ಹೇಳುತ್ತೀಯ. ಆಮೇಲೆ ಕುಡಿಯುತ್ತೇವೆ. ಆಗ ಅದು ನೀನು ಹೇಳಿದ ಹಾಗೆ ತಣ್ಣಗೇ ಆಗಿರುತ್ತದೆ. ಇವತ್ತೂ ಹಾಗೆಯೇ ಕುಡಿದು, ಲೋಟ ತೊಳೆದಿಟ್ಟು ಈ ಕಾಗದಕ್ಕೆ ಕೂತದ್ದು.

ನಿನ್ನ ಆ ಮಾತಿನ ಬೆನ್ನಿಗೇ ಡಬ್ಬಿಯಲ್ಲಿ ಇನ್ನೊಂದು ಮಾತು ಉಂಟು, ಪ್ರಣೀತಾ. ಅದನ್ನು ಬರೆಯಬೇಕೆಂದೇ ಕೂತವ ಮಂಗ, ಮೆಣಸು ಎಂದು ಇಷ್ಟು ಸುತ್ತು ಬಂದೆ. ಸ್ವಲ್ಪ ತಾಳು.

ಮೊದಲು ಹೇಳಬೇಕಾದ್ದನ್ನು ಹೇಳಿಬಿಡುತ್ತೇನೆ. ನಮ್ಮ ಮನೆಯಲ್ಲಿ ಯಾರೂ ಯಾರಿಗೂ ಥ್ಯಾಂಕ್ಯೂ ಹೇಳಿದ ಕ್ರಮ ಇಲ್ಲ. ಕಾಲೇಜಿನಲ್ಲಿ ಲೆಟರ್ ರೈಟಿಂಗ್ ಕಲಿಸುವಾಗ ‘ಐ ಶಲ್ ಎವರ್ ರಿಮೇನ್ ಗ್ರೇಟ್‌ಫುಲ್’ ಎಂದು ಬರೆಸಿದ್ದರು, ಅದನ್ನು ಉಪಯೋಗಿಸಲು ಇವತ್ತಿನವರೆಗೆ ಒಂದು ಜಾಗ ಸಿಕ್ಕಿರಲಿಲ್ಲ. ನಿನ್ನ ಅತ್ತೆ ಮಲಗಿದ ಎಂಟು ತಿಂಗಳು ಅವಳ ತಲೆ ಬಾಚಿದ್ದು ನೀನು. ಅವಳು ಹೋದ ಮೇಲೆ, ಒಬ್ಬನೇ ಉಣ್ಣಲು ನನಗೆ ನಾಚಿಕೆ ಎಂದು ತಿಳಿದು, ಬೇಕೆಂದೇ ನನ್ನ ಊಟದ ಹೊತ್ತಿಗೆ ತೆಂಗಿನಕಾಯಿ ತುರಿಯಲು ಎದುರು ಕೂರುತ್ತಿದ್ದವಳು ನೀನು. ತರಬೇತಿಗೆ ಹೊರಡುವ ಹಿಂದಿನ ದಿನ ಅಡುಗೆಮನೆಯ ಎಲ್ಲ ಡಬ್ಬಿಗಳಿಗೂ ಕಾಗದ ಅಂಟಿಸಿ ಉಪ್ಪು, ಸಕ್ಕರೆ, ಮೆಂತೆ ಎಂದು ನನ್ನ ಕಣ್ಣಿಗೆ ಕಾಣುವಷ್ಟು ದೊಡ್ಡದಾಗಿ ಬರೆದಿದ್ದೆಯಲ್ಲ. ಮೆಂತೆಯ ಕಾಗದ ಎದ್ದುಬಂದಿದೆ, ಆದರೆ ತೆಗೆಯಲು ಮನಸ್ಸಿಲ್ಲದೆ ಅನ್ನದ ಅಗುಳು ಹಚ್ಚಿ ಪುನಃ ಕೂರಿಸಿದ್ದೇನೆ. ಇದಕ್ಕೆಲ್ಲ ನಾನು ಒಂದು ದಿನವೂ ಒಂದು ಒಳ್ಳೆಯ ಮಾತು ಹೇಳಲಿಲ್ಲ. ಬ್ಯಾಟರಿಯ ನೋಟ್‌ಬುಕ್ಕಿನ ಹಾಗೆ ಇದಕ್ಕೂ ಒಂದು ಇಡಬೇಕಿತ್ತು. ಹಾಗೆಂದು…

ಅಕ್ಷರ ಕಾಣುವುದಿಲ್ಲವಲ್ಲ ಎಂದು ತಲೆ ಎತ್ತಿದರೆ ಬೆಳಕು ಹೋಗುತ್ತಾ ಉಂಟು. ಮಧ್ಯಾಹ್ನದಿಂದ ಕರೆಂಟಿಲ್ಲ. ಡಬ್ಬಿ ಇನ್ನೂ ಮರದಲ್ಲೇ ಇದೆ, ಇಬ್ಬನಿ ಬೀಳುವ ಮೊದಲು ಇಳಿಸಬೇಕು. ಇಲ್ಲಿಗೆ ನಿಲ್ಲಿಸುತ್ತೇನೆ. ನಿನ್ನ ಕಾಲು ಗಟ್ಟಿಯಾಗಲಿ, ನಿದ್ದೆ ಚೆನ್ನಾಗಿ ಬರಲಿ. ರಾಮಕುಂಜದಿಂದ ನಿನ್ನ ಅಪ್ಪ ಅಮ್ಮ ಮೊನ್ನೆ ಬಂದು ಹೋದರು, ನಿನ್ನನ್ನು ಕೇಳಿದರು. ಮನೆಯ ದೇವರು ನಿನ್ನ ಬೆನ್ನಿಗಿರಲಿ.

ಇಂತು ನಿನ್ನ ಮಾವ,
ಕುಕ್ಕಪ್ಪ

ತಾ.ಕ.: ಡಬ್ಬಿ ಇಳಿಸಿಕೊಂಡು ಬಂದೆ. ಕಿಟಕಿಯ ಹತ್ತಿರ ನಿಂತು ಬರೆಯುತ್ತಿದ್ದೇನೆ, ಗೆರೆ ಓರೆಯಾದೀತು. ಆ ಇನ್ನೊಂದು ಮಾತು. ನೀನು ತಣ್ಣಗಾಗ್ತಾ ಉಂಟು ಎಂದ ಮೇಲೆ, ದೂರದಿಂದ ನನ್ನ ಸ್ವರ ಕೇಳುತ್ತದೆ. “ನಿನ್ನ ಈ ಬಾಯಿಪಾಠ ಎಲ್ಲ ಒಲೆಬುಡದಲ್ಲೇ ಮುಗಿಯುದು. ಸುಮ್ಮನೆ ಕರೆಂಟು ದಂಡ.” ಹೇಳಿದ್ದು ನನಗೆ ನೆನಪೇ ಇರಲಿಲ್ಲ. ಹಳೇ ಬ್ಯಾಟರಿ ಅಲ್ಲಿಯ ತನಕ ಹೋಗದೆ ನನ್ನ ಮಾನ ಉಳಿಸಿತ್ತು. ನಿನಗೆ ಮಾತ್ರ ಗೊತ್ತಿತ್ತು. ನೀನು ಅದನ್ನು ಅಳಿಸಲಿಲ್ಲ. ಟ್ಯಾಪಿಂಗಿನಲ್ಲಿ ಎಷ್ಟೋ ಬೆಳಿಗ್ಗೆ ಅದನ್ನು ಕೇಳಿ, ಮನೆಗೆ ಬಂದು ನನಗೆ ಚಾ ಕೊಟ್ಟಿದ್ದೀಯ. ನನ್ನ ಮಾತಿನ ನಂತರ ನೀನು ಒಂದು ಪುಟ ಮಗುಚಿದ ಸದ್ದು. ಆಮೇಲೆ ಅದೇ ಸ್ವರದಲ್ಲಿ, ದನ ಮೇಯಿಸುವುದು, ಕಲ್ಲು ತೆಗೆಯುವುದು ಎಂದು ಮುಂದೆ ಓದಿದ್ದೀಯ. ಯಶ್ಮಿತಾ ಮೊದಲ ದಿನವೇ ಕೇಳಿದಳು, “ಅಜ್ಜ, ಅಮ್ಮನಿಗೆ ಬೈದದ್ದು ನೀವಾ?” ಹೌದು ಅಂದೆ. ಅಷ್ಟು ತುಂಡನ್ನು ಕಂಪ್ಯೂಟರಿನಲ್ಲಿ ಕತ್ತರಿಸಿ ತೆಗೆಯುವ ಎಂದ ಲತೀಶ. ಬೇಡ ಅಂದೆ, ಚಾದ ಮಾತು ಬೇಕಾದವನು ಅದನ್ನೂ ಕೇಳಬೇಕು. ನೀನು ಬಂದರೆ ನನಗೆ ಸುಖವೇ, ಅದಕ್ಕೇ ನಿನ್ನೆ ಬಾಯಿಂದ ‘ನೋಡುವ’ ಎಂದು ಬಂದದ್ದು. ಆದರೆ ಈಗ ನೀನು ಬಂದರೆ ನಾನು ಅಂದದ್ದೇ ಸರಿ ಎಂದಾಗುತ್ತದೆ, ಮಗು ಅದನ್ನು ದಿನಾ ನಾಲ್ಕೂಕಾಲಿಗೆ ಕೇಳುತ್ತಾಳೆ. ಬರಬೇಡ. ನನ್ನ ಮಾತನ್ನು ಸುಳ್ಳು ಮಾಡಿಯೇ ಬಾ, ಮಗಳೇ. ನಿನ್ನ ತರಬೇತಿ ಮುಗಿಯುವ ಮೇ ತಿಂಗಳ ತನಕ ಇಲ್ಲಿ ಬ್ಯಾಟರಿ ಸಾಕಷ್ಟು ಉಂಟು.